ಸಮಾಜದ ಪ್ರಶ್ನೆಗೆ ಅಭಿಪ್ರಾಯ ಸಾಲದು, ಕಾರಣ ಬೇಕು

ಪ್ರಶ್ನೆ: ನಾನು ಉಡುಪಿ ಜಿಲ್ಲೆಯ ಕಾಪುವಿನವಳು. ಇಂಜಿನಿಯರಿಂಗ್ ಮುಗಿಸಿ ಮಂಗಳೂರಿನಲ್ಲಿ ಕೆಲಸ ಮಾಡುತ್ತಾ ಯುಪಿಎಸ್‌ಸಿ ಮುಖ್ಯ ಪರೀಕ್ಷೆಗೆ ಓದುತ್ತಿದ್ದೇನೆ. ಕನ್ನಡದಲ್ಲೇ ಬರೆಯುತ್ತೇನೆ. ಇತಿಹಾಸ, ಭೂಗೋಳ ಹೇಗೋ ನಡೆಯುತ್ತದೆ. ಸಾಮಾನ್ಯ ಅಧ್ಯಯನ ಒಂದನೇ ಪತ್ರಿಕೆಯ ‘ಭಾರತೀಯ ಸಮಾಜ’ ಭಾಗ ಮಾತ್ರ ಕೈಗೆ ಸಿಗುತ್ತಿಲ್ಲ. ಎಷ್ಟು ನೋಟ್ಸ್ ಮಾಡಿದರೂ ಉತ್ತರ ಭಾಷಣದ ಹಾಗೆ ಆಗುತ್ತದೆ. 2022ರ ‘ವರ್ಕ್ ಫ್ರಮ್ ಹೋಮ್’ ಪ್ರಶ್ನೆಗೆ ಬರೆದ ಉತ್ತರವನ್ನು ಜೊತೆಗೆ ಕಳಿಸಿದ್ದೇನೆ. ಎಲ್ಲಿ ತಪ್ಪುತ್ತಿದ್ದೇನೆ? ನಮ್ಮೂರಿನ ಉದಾಹರಣೆ ಬರೆಯಬಹುದಾ? ಇದಕ್ಕಾಗಿ ಕೆಲಸ ಬಿಟ್ಟು ದೆಹಲಿಗೆ ಹೋಗಬೇಕಾ?

ಉತ್ತರ: ನಿಮ್ಮ ಉತ್ತರವನ್ನು ನಿಧಾನವಾಗಿ ಓದಿದೆ. ಭಾಷೆ ಚೆನ್ನಾಗಿದೆ, ಪದಮಿತಿಯೊಳಗೂ ಇದೆ. ತೊಂದರೆ ಇರುವುದು ಬೇರೆ ಕಡೆ. ನೀವು ಬರೆದದ್ದು ಹೀಗಿದೆ: ‘ಮನೆಯಿಂದ ಕೆಲಸ ಮಾಡುವುದರಿಂದ ಕುಟುಂಬದ ಜೊತೆ ಹೆಚ್ಚು ಸಮಯ ಸಿಗುತ್ತದೆ. ಆದರೆ ಒತ್ತಡವೂ ಹೆಚ್ಚುತ್ತದೆ. ಮಹಿಳೆಯರಿಗೆ ಎರಡು ಪಟ್ಟು ಹೊರೆ ಬೀಳುತ್ತದೆ. ಆದ್ದರಿಂದ ಸಮತೋಲನ ಅಗತ್ಯ.’ ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಪರೀಕ್ಷೆಗೆ ಓದದೆ ಇರುವ ನಿಮ್ಮ ಆಫೀಸಿನ ಯಾರು ಬೇಕಾದರೂ ಇದನ್ನು ಬರೆಯಬಹುದು, ಅಲ್ವಾ? ಪ್ರತಿ ವಾಕ್ಯದ ಮುಂದೆ ‘ಯಾಕೆ?’, ‘ಯಾರಿಗೆ?’ ಅಂತ ಕೇಳಿ ನೋಡಿ. ಎರಡು ಪಟ್ಟು ಹೊರೆ ಯಾಕೆ ಬೀಳುತ್ತದೆ? ಎಲ್ಲ ಮಹಿಳೆಯರಿಗೂ ಬೀಳುತ್ತದಾ? ಹೆಚ್ಚು ಸಮಯ ಸಿಕ್ಕರೆ ಸಂಬಂಧ ಹತ್ತಿರವಾಗಲೇಬೇಕಾ? ನಿಮ್ಮ ಉತ್ತರದಲ್ಲಿ ಇದಕ್ಕೆ ಜಾಗವೇ ಇಲ್ಲ. ಭಾಷಣದ ಹಾಗೆ ಕೇಳಿಸುವುದು ಇದರಿಂದಲೇ.

ಮೊದಲು ಪತ್ರಿಕೆಯ ಅಳತೆ ಹೇಳಿಬಿಡುತ್ತೇನೆ. ಒಂದನೇ ಪತ್ರಿಕೆಗೆ 250 ಅಂಕ, 20 ಪ್ರಶ್ನೆ, ಮೂರು ಗಂಟೆ. ಹತ್ತು ಅಂಕದ್ದಕ್ಕೆ 150 ಪದ, ಹದಿನೈದರದ್ದಕ್ಕೆ 250 ಪದ. ಅಂದರೆ ಒಂದಕ್ಕೆ ಏಳು ನಿಮಿಷ, ಇನ್ನೊಂದಕ್ಕೆ ಹನ್ನೊಂದು ನಿಮಿಷ. 2023ರಲ್ಲಿ ಸಮಾಜದ ಭಾಗದಿಂದ ಆರು ಪ್ರಶ್ನೆ ಬಂದು 75 ಅಂಕ ಆಗಿತ್ತು. ಇಷ್ಟು ದೊಡ್ಡ ಪಾಲನ್ನು ‘ಹೇಗೂ ಸಾಮಾನ್ಯ ಜ್ಞಾನದಿಂದ ಬರೆಯಬಹುದು’ ಅಂತ ಕೊನೆಗೆ ಬಿಡುವವರು ತುಂಬಾ ಜನ. ನೀವು ಬಿಟ್ಟಿಲ್ಲ, ಅದು ಒಳ್ಳೆಯದು.

ಇನ್ನೊಂದು ಮಾತು. ಎರಡನೇ ಪತ್ರಿಕೆಯಲ್ಲೂ ಬಡತನ, ಮಹಿಳೆ, ಆರೋಗ್ಯ, ದುರ್ಬಲ ವರ್ಗ ಎಲ್ಲ ಬರುತ್ತದೆ. ಅಲ್ಲಿ ಕೇಳುವುದು ಸರ್ಕಾರ ಏನು ಮಾಡುತ್ತಿದೆ, ಎಲ್ಲಿ ಎಡವುತ್ತಿದೆ ಅಂತ. ಒಂದನೇ ಪತ್ರಿಕೆ ಕೇಳುವುದು ಸಮಾಜ ಯಾಕೆ ಹೀಗೆ ನಡೆದುಕೊಳ್ಳುತ್ತದೆ ಅಂತ. ನಿಮ್ಮ ನೋಟ್ಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಯೋಜನೆಗಳ ಹೆಸರೇ ಇದ್ದರೆ, ಅದು ಈ ಪತ್ರಿಕೆಯ ನೋಟ್ಸ್ ಅಲ್ಲ. 2023ರಲ್ಲಿ ‘ಯುವತಿಯರಲ್ಲಿ ಆತ್ಮಹತ್ಯೆ ಯಾಕೆ ಹೆಚ್ಚುತ್ತಿದೆ’ ಎಂದು ವಿವರಿಸಲು ಕೇಳಿದ್ದರು. ಅದಕ್ಕೆ ಸಹಾಯವಾಣಿಗಳ ಪಟ್ಟಿ ಕೊಟ್ಟರೆ ಉತ್ತರವಾಗುವುದಿಲ್ಲ. ಓದು ಮುಗಿಸಿದ ಹುಡುಗಿಗೆ ಮನೆಯಲ್ಲಿ ಏನು ನಿರೀಕ್ಷೆ ಇದೆ, ಮದುವೆಯಾದ ಮೇಲೆ ಅವಳ ಕಷ್ಟ ಕೇಳುವವರು ಯಾರು, ತವರಿಗೆ ವಾಪಸ್ ಬರುವ ದಾರಿ ಯಾಕೆ ಮುಚ್ಚಿರುತ್ತದೆ, ಇದೆಲ್ಲ ಬರಬೇಕು. ಪರಿಹಾರಕ್ಕೆ ಕೊನೆಯಲ್ಲಿ ಎರಡು ಸಾಲು ಸಾಕು.

ಈಗ ನಿಮ್ಮ ವರ್ಕ್ ಫ್ರಮ್ ಹೋಮ್ ಪ್ರಶ್ನೆಗೆ ಬರೋಣ. ಕುಟುಂಬ ಸಂಬಂಧಗಳ ಮೇಲೆ ಅದರ ಪರಿಣಾಮವನ್ನು ಶೋಧಿಸಿ, ಮೌಲ್ಯಮಾಪನ ಮಾಡಿ ಎಂಬುದು ಪ್ರಶ್ನೆ. ಇದಕ್ಕೆ ಲ್ಯಾಪ್‌ಟಾಪ್ ಮುಂದಿರುವವರನ್ನು ಮಾತ್ರ ನೆನೆಸಿಕೊಳ್ಳುವುದು ಸಹಜ. ಆದರೆ ಕೋವಿಡ್ ಬರುವುದಕ್ಕೆ ಎಷ್ಟೋ ದಶಕ ಮೊದಲೇ ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಹೆಂಗಸರು ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಬೀಡಿ ಕಟ್ಟುತ್ತಿದ್ದರು. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು. ಜಗಲಿಯಲ್ಲಿ ಮಡಿಲ ಮೇಲೆ ತಡ್ಪೆ (ಮೊರ) ಇಟ್ಟುಕೊಂಡು ಕಟ್ಟುವುದು. ಕಟ್ಟಿದ್ದನ್ನು ಬ್ರಾಂಚಿಗೆ ಕೊಡುವುದು. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. 1966ರ ಬೀಡಿ ಕಾರ್ಮಿಕರ ಕಾಯ್ದೆ ಹೀಗೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದೇ ಲೆಕ್ಕಕ್ಕೆ ತೆಗೆದುಕೊಂಡಿತು.

ನಿಮ್ಮ ಮನೆಯಲ್ಲಿ ಅಲ್ಲದಿದ್ದರೂ ಪಕ್ಕದ ಮನೆಯಲ್ಲಿ ಇದನ್ನು ನೋಡಿಯೇ ಇರುತ್ತೀರಿ. ಅಲ್ಲಿ ಏನಾಯಿತು ಅಂತ ಯೋಚಿಸಿ. ಹೆಂಗಸಿನ ಕೈಗೆ ಸ್ವಂತ ದುಡ್ಡು ಬಂತು. ಮಕ್ಕಳ ಶಾಲೆ, ಸಣ್ಣ ಚಿನ್ನ, ಮನೆಯ ತೀರ್ಮಾನದಲ್ಲಿ ಒಂದು ಮಾತು, ಇದೆಲ್ಲ ಆ ದುಡ್ಡಿನಿಂದ ಸಾಧ್ಯವಾಯಿತು. ಆದರೆ ಬಾವಿ ನೀರು, ಒಲೆ, ಮಗು ಯಾವುದೂ ಅವಳ ಪಾಲಿನಿಂದ ಕಡಿಮೆಯಾಗಲಿಲ್ಲ. ಕೆಲಸ ಅಡುಗೆಮನೆಗೂ ಮಗುವಿನ ತೊಟ್ಟಿಲಿಗೂ ನಡುವೆ ಕೂತಿದ್ದರಿಂದ ಅದು ಕೆಲಸ ಅಂತಲೇ ಯಾರಿಗೂ ಕಾಣಲಿಲ್ಲ. ‘ಮನೆಯಲ್ಲೇ ಇದ್ದಾಳೆ’ ಅಂತಲೇ ಹೇಳಿದರು. ಇದನ್ನು ಅರ್ಥ ಮಾಡಿಕೊಂಡರೆ ಉತ್ತರ ತಾನಾಗಿ ಬೇರೆ ಥರ ಶುರುವಾಗುತ್ತದೆ. ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ:

‘ಮನೆಯಿಂದ ಕೆಲಸ ಎಂಬುದು ಕುಟುಂಬ ಸಂಬಂಧವನ್ನು ತಾನಾಗಿ ಬೆಸೆಯುವುದೂ ಇಲ್ಲ, ಕೆಡಿಸುವುದೂ ಇಲ್ಲ. ಮನೆಯೊಳಗಿನ ಕೆಲಸ ಮೊದಲೇ ಹೇಗೆ ಹಂಚಿಕೆಯಾಗಿತ್ತೋ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಗಂಡಸು ಮನೆಯಲ್ಲಿ ಕೆಲಸಕ್ಕೆ ಕೂತರೆ ಆ ಕೋಣೆ ಆಫೀಸಾಗುತ್ತದೆ. ಹೆಂಗಸು ಕೂತರೆ ಆಫೀಸಿನ ನಡುವೆಯೇ ಅಡುಗೆಮನೆ ಅವಳನ್ನು ಕರೆಯುತ್ತದೆ. ಕರಾವಳಿ ಕರ್ನಾಟಕದಲ್ಲಿ ದಶಕಗಳಿಂದ ಮನೆಯಲ್ಲಿ ಬೀಡಿ ಕಟ್ಟುತ್ತಿರುವ ಮಹಿಳೆಯರ ಅನುಭವವೂ ಇದೇ. ಆದಾಯದಿಂದ ಮನೆಯಲ್ಲಿ ಅವರ ಮಾತಿಗೆ ಬೆಲೆ ಬಂತು, ಮನೆಗೆಲಸದ ಪಾಲು ಮಾತ್ರ ಬದಲಾಗಲಿಲ್ಲ.’

ಇಷ್ಟು ಬರೆದ ಮೇಲೆ ಮುಂದಿನದು ಸುಲಭ. ಸಣ್ಣ ಬಾಡಿಗೆ ಮನೆಯಲ್ಲಿ ಇರುವವರಿಗೂ ಪ್ರತ್ಯೇಕ ಕೋಣೆ ಇರುವವರಿಗೂ ಏನು ವ್ಯತ್ಯಾಸ, ಊರಿಗೆ ವಾಪಸ್ ಬಂದ ಮಕ್ಕಳಿಂದ ವಯಸ್ಸಾದ ತಂದೆ ತಾಯಿಗೆ ಏನು ಸಿಕ್ಕಿತು, ಸೊಸೆಯ ಕೆಲಸವನ್ನು ಅತ್ತೆ ಕಣ್ಣಾರೆ ನೋಡಿದಾಗ ಗೌರವ ಬೆಳೆಯಿತಾ, ಜಗಳ ಬೆಳೆಯಿತಾ. ಎಲ್ಲವೂ ಮೊದಲ ವಾಕ್ಯಕ್ಕೆ ತಾಳೆಯಾಗುತ್ತದೆ. ಮೌಲ್ಯಮಾಪನ ಮಾಡಿ ಎಂದರೆ ಕೇಳುತ್ತಿರುವುದು ಇದನ್ನೇ. ಅನುಕೂಲ ಐದು, ಅನನುಕೂಲ ಐದು ಅಂತ ಎರಡು ಸಾಲು ಮಾಡಿ ನಡುವೆ ‘ಆದರೆ’ ಹಾಕಿದರೆ ಅದು ಮೌಲ್ಯಮಾಪನ ಆಗುವುದಿಲ್ಲ. 2021ರಲ್ಲಿ ಕೇಳಿದ ‘ಮಹಿಳಾ ಸಬಲೀಕರಣದಲ್ಲಿ ಗಿಗ್ ಆರ್ಥಿಕತೆಯ (ಕಾಯಂ ನೌಕರಿ ಇಲ್ಲದೆ ಬಿಡಿ ಬಿಡಿ ಕೆಲಸಕ್ಕೆ ದುಡ್ಡು ಸಿಗುವ ವ್ಯವಸ್ಥೆಯ) ಪಾತ್ರ’ ಎಂಬ ಪ್ರಶ್ನೆಗೂ ಈ ಬೀಡಿಯ ಉದಾಹರಣೆ ಕೆಲಸಕ್ಕೆ ಬರುತ್ತದೆ. ತುಂಡುಗೂಲಿ, ಸಮಯದ ಸ್ವಾತಂತ್ರ್ಯ, ಒಟ್ಟಿಗೆ ಸೇರಿ ಚೌಕಾಶಿ ಮಾಡಲು ಆಗದ ಸ್ಥಿತಿ, ಎಲ್ಲವೂ ಅಲ್ಲಿ ಮೊದಲೇ ಇತ್ತು.

ಹೀಗೆ ನಿಮ್ಮ ಎರಡನೇ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಿತು. ಊರಿನ ಉದಾಹರಣೆ ಬರೆಯಬಹುದು, ಬರೆಯಲೇಬೇಕು. ಆದರೆ ಅದರಿಂದ ಒಂದು ಕಾರಣ ಸಾಬೀತಾಗಬೇಕು. ಊರಿನ ಮೇಲಿನ ಅಭಿಮಾನಕ್ಕೆ ಬರೆದರೆ ಅಂಕ ಬರುವುದಿಲ್ಲ.

ಒಂದು ಅಂಕಿಯನ್ನು ತೆಗೆದುಕೊಂಡು ತೋರಿಸುತ್ತೇನೆ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರು. ದಕ್ಷಿಣ ಕನ್ನಡದಲ್ಲಿ 1020. ರಾಜ್ಯದಲ್ಲಿ 973, ದೇಶದಲ್ಲಿ 943. ಇದನ್ನು ನೋಡಿದ ತಕ್ಷಣ ‘ಇಲ್ಲಿ ಹೆಣ್ಣಿಗೆ ಗೌರವ ಜಾಸ್ತಿ, ಮಾತೃಮೂಲ ಪದ್ಧತಿಯ ಪ್ರಭಾವ’ ಅಂತ ಬರೆಯುವ ಆಸೆ ಬರುತ್ತದೆ. ಸ್ವಲ್ಪ ತಡೆಯಿರಿ. ಆರು ವರ್ಷದೊಳಗಿನ ಮಕ್ಕಳ ಲೆಕ್ಕ ತೆಗೆದು ನೋಡಿ. ಅಲ್ಲಿ ಉಡುಪಿಯ ಸಂಖ್ಯೆಯೂ ಸಾವಿರಕ್ಕಿಂತ ಕೆಳಗೇ ಇದೆ. ಹುಟ್ಟುವಾಗ ಪ್ರಪಂಚದ ಎಲ್ಲ ಕಡೆ ಹುಡುಗರು ಸ್ವಲ್ಪ ಜಾಸ್ತಿ. ಸಾವಿರ ಹುಡುಗರಿಗೆ ಸುಮಾರು 950 ಹುಡುಗಿಯರು ಅಂದರೆ ಸಹಜ. ಹಾಗಾದರೆ ದೊಡ್ಡವರಲ್ಲಿ ಹೆಂಗಸರು ಇಷ್ಟು ಜಾಸ್ತಿ ಹೇಗಾದರು? ಗಂಡಸರು ಊರಲ್ಲಿಲ್ಲ. ಮುಂಬೈಯ ಹೋಟೆಲಿನಲ್ಲಿ, ಬೆಂಗಳೂರಿನಲ್ಲಿ, ದುಬೈ, ಕುವೈತ್, ಮಸ್ಕತ್‌ಗಳಲ್ಲಿ ಇದ್ದಾರೆ. ಅದರ ಜೊತೆಗೆ ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆ. ಅಂದರೆ 1094 ಎಂಬ ಸಂಖ್ಯೆ ಹೆಣ್ಣಿನ ಸ್ಥಾನಮಾನಕ್ಕಿಂತ ಜಾಸ್ತಿ ವಲಸೆಯ ಕಥೆ ಹೇಳುತ್ತದೆ. ಹೆಣ್ಣುಮಗುವನ್ನು ಹುಟ್ಟುವ ಮೊದಲೇ ಇಲ್ಲವಾಗಿಸುವ ಪಿಡುಗು ಇಲ್ಲಿ ಕಡಿಮೆ ಎಂಬುದಕ್ಕೆ ಸಾಕ್ಷಿ ಬೇಕಾದರೆ ಮಕ್ಕಳ ಲೆಕ್ಕವನ್ನೇ ಕೊಡಬೇಕು. ದೇಶದಲ್ಲಿ ಅದು 920ಕ್ಕೂ ಕೆಳಗಿತ್ತು.

ಇಷ್ಟು ಬಿಡಿಸಿ ನೋಡಿದರೆ ಒಂದೇ ಅಂಕಿಯಿಂದ ಜನಸಂಖ್ಯೆ, ವಲಸೆ, ಮಹಿಳೆ, ವೃದ್ಧರ ಒಂಟಿತನ ಎಲ್ಲದಕ್ಕೂ ಸಾಮಗ್ರಿ ಸಿಗುತ್ತದೆ. ಗಂಡ ಗಲ್ಫ್‌ನಲ್ಲಿದ್ದಾಗ ಬ್ಯಾಂಕು, ಶಾಲೆ, ಮನೆ ಕಟ್ಟಿಸುವುದು ಎಲ್ಲವನ್ನೂ ಹೆಂಡತಿಯೇ ನೋಡಿಕೊಳ್ಳುತ್ತಾಳೆ. ಅದು ಸಬಲೀಕರಣವೇ, ಅಥವಾ ಗಂಡ ಬರುವವರೆಗಿನ ಉಸ್ತುವಾರಿಯೇ? ಪರೀಕ್ಷಕರಿಗೆ ಇಂಥ ಪ್ರಶ್ನೆ ಎತ್ತುವ ಉತ್ತರ ಬೇಗ ಕಣ್ಣಿಗೆ ಬೀಳುತ್ತದೆ. ಐವತ್ತು ಅಂಕಿಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಹದಿನೈದು ಅಂಕಿಗಳನ್ನು ಹೀಗೆ ಬಿಡಿಸಿ ಇಟ್ಟುಕೊಳ್ಳಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಟ್ಟು ಫಲವತ್ತತೆ ದರ (ಒಬ್ಬ ಹೆಂಗಸಿಗೆ ಸರಾಸರಿ ಎಷ್ಟು ಮಕ್ಕಳು ಎಂಬ ಲೆಕ್ಕ) ದೇಶಕ್ಕೆ 2.0, ಕರ್ನಾಟಕಕ್ಕೆ 1.7. 20ರಿಂದ 24 ವಯಸ್ಸಿನ ಹೆಂಗಸರಲ್ಲಿ 18 ತುಂಬುವ ಮೊದಲೇ ಮದುವೆಯಾದವರು ದೇಶದಲ್ಲಿ ಶೇ. 23.3. 2011ರಲ್ಲಿ ನಗರವಾಸಿಗಳು ಶೇ. 31ರಷ್ಟು. ಇಂಥವು ಸಾಕು.

ಈಗ ನನಗೆ ತುಂಬಾ ಇಷ್ಟವಾದ ಒಂದು ಹಳೆಯ ಪ್ರಶ್ನೆ. 2014ರದ್ದು. ಅವಿಭಕ್ತ ಕುಟುಂಬದ ಜೀವನಚಕ್ರ ಸಾಮಾಜಿಕ ಮೌಲ್ಯಗಳಿಗಿಂತ ಆರ್ಥಿಕ ಅಂಶಗಳ ಮೇಲೆ ನಿಂತಿದೆ, ಚರ್ಚಿಸಿ ಅಂತ. ಎಲ್ಲರೂ ಬರೆಯುವುದು ಒಂದೇ: ಕೈಗಾರಿಕೆ ಬಂತು, ನಗರ ಬೆಳೆಯಿತು, ಕೂಡುಕುಟುಂಬ ಒಡೆಯಿತು, ಹಳೆಯ ಮೌಲ್ಯ ಕುಸಿಯಿತು. ನೀವು ಕಾಪುವಿನಲ್ಲಿ ಬೆಳೆದವರು. ನಿಮ್ಮ ಕಣ್ಣ ಮುಂದೆ ಇದಕ್ಕಿಂತ ಗಟ್ಟಿಯಾದ ಸಾಮಗ್ರಿ ಇದೆ.

ತುಳುನಾಡಿನಲ್ಲಿ ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ಅಳಿಯಸಂತಾನ ನಡೆದುಕೊಂಡು ಬಂತು. ಆಸ್ತಿ ತಾಯಿಯ ಕಡೆಯಿಂದ ಹೋಗುತ್ತದೆ, ಮಕ್ಕಳು ತಾಯಿಯ ‘ಬಳಿ’ಗೆ, ಅಂದರೆ ಕುಲಕ್ಕೆ, ಸೇರುತ್ತಾರೆ. ಯಜಮಾನಿಕೆ ಬಹುಪಾಲು ಸೋದರಮಾವನ ಕೈಯಲ್ಲಿ. ಕೆಲವು ಮನೆಗಳಲ್ಲಿ ಹಿರಿಯ ಹೆಂಗಸೇ ಯಜಮಾನ್ತಿ. ಕುಟುಂಬದ ಮನೆ, ಗದ್ದೆ, ದೈವ ಎಲ್ಲ ಒಟ್ಟಿಗೆ. ಇದು ಯಾವಾಗ ಸಡಿಲವಾಯಿತು ನೋಡಿ. ಆಗ, ಉಡುಪಿ ಮತ್ತು ಕಾಸರಗೋಡೂ ಸೇರಿದ್ದ ಈ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಕವಲುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಜಾರಿಯಾಯಿತು. ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿಯ (ಯಾವಾಗ ಬೇಕಾದರೂ ಬಿಡಿಸಬಹುದಾದ ಗೇಣಿಯ) ಮೇಲೆ ಭೂಮಿ ಕೊಟ್ಟಿದ್ದ ದೊಡ್ಡ ಕುಟುಂಬಗಳ ಕೈಯಿಂದ ಗದ್ದೆ ಹೋಯಿತು. ಒಕ್ಕಲುಗಳು ಡಿಕ್ಲರೇಷನ್ (ಉಳುವ ಭೂಮಿಯ ಹಕ್ಕು ಕೋರುವ ಅರ್ಜಿ) ಕೊಟ್ಟು ಒಡೆಯರಾದರು. ಅದಕ್ಕೂ ಮೊದಲೇ ಹುಡುಗರು ಮುಂಬೈ ಬಸ್ ಹತ್ತಿ ಆಗಿತ್ತು. ಕುಟುಂಬವನ್ನು ಒಂದೇ ಸೂರಿನಡಿ ಹಿಡಿದಿಟ್ಟಿದ್ದ ಭೂಮಿಯೇ ಹೋದ ಮೇಲೆ ಮನೆ ಖಾಲಿಯಾಯಿತು. ಇಲ್ಲಿಯವರೆಗೆ ಪ್ರಶ್ನೆ ಹೇಳುವುದು ಸರಿ. ಆರ್ಥಿಕ ಕಾರಣವೇ ಮೇಲು.

ಆದರೆ ಅದೇ ಕುಟುಂಬದ ಮನೆಗೆ ಈಗ ವರ್ಷಕ್ಕೊಮ್ಮೆ ದೈವಗಳ ಆರಾಧನೆಯಾದ ತಂಬಿಲಕ್ಕೋ ನೇಮಕ್ಕೋ ಎಲ್ಲ ಕಡೆಯಿಂದ ಜನ ಬರುತ್ತಾರೆ. ಪುಣೆಯಿಂದ, ಅಬುಧಾಬಿಯಿಂದ ಬರುತ್ತಾರೆ. ಹಳೆಯ ಮನೆಗೆ ಒಟ್ಟಿಗೆ ದುಡ್ಡು ಹಾಕಿ ಹೊಸ ಹಂಚು ಹೊದಿಸುತ್ತಾರೆ, ದೈವದ ಗುಡಿಗೆ ಜೀರ್ಣೋದ್ಧಾರ ಮಾಡಿಸುತ್ತಾರೆ, ವಾಟ್ಸಾಪ್ ಗುಂಪಿನಲ್ಲಿ ವಂತಿಗೆ ಲೆಕ್ಕ ಹಾಕುತ್ತಾರೆ. ಅದರಿಂದ ಯಾರಿಗೂ ಆದಾಯ ಇಲ್ಲ, ಖರ್ಚೇ ಇದೆ. ಹಾಗಾದರೆ ಇವರನ್ನು ಕೂಡಿಸುತ್ತಿರುವುದು ಏನು? ಬಳಿ, ದೈವ, ಹರಕೆ, ಹಿರಿಯರ ಮಾತು. ಆರ್ಥಿಕ ಅಂಶ ಒಂದೇ ಸೂರಿನಡಿಯ ವಾಸವನ್ನು ಮುರಿಯಿತು, ಸಾಮಾಜಿಕ ಮೌಲ್ಯ ಸಂಬಂಧವನ್ನು ಉಳಿಸಿತು. ಪ್ರಶ್ನೆಯ ಹೇಳಿಕೆಯನ್ನು ಅರ್ಧ ಒಪ್ಪಿ, ಅರ್ಧ ತಿದ್ದಿದಿರಿ. ಚರ್ಚಿಸಿ ಎಂದರೆ ಇದನ್ನೇ ಮಾಡಬೇಕು. ಇದರ ಪಕ್ಕದಲ್ಲಿ ದೇಶದ ಬೇರೆ ಕಡೆಯ ಒಂದು ಉದಾಹರಣೆ ಇಡಿ. ವ್ಯಾಪಾರಿ ಕುಟುಂಬಗಳಲ್ಲಿ ಬಂಡವಾಳ ಒಡೆಯಬಾರದು ಅಂತ ಕೂಡುಕುಟುಂಬ ಇವತ್ತಿಗೂ ಉಳಿದಿದೆ. ಅಲ್ಲಿ ಆರ್ಥಿಕ ಕಾರಣವೇ ಕುಟುಂಬವನ್ನು ಕಾಪಾಡಿದೆ. ನಗರದಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಮಗು ನೋಡಿಕೊಳ್ಳಲು ಅಜ್ಜಿ ಬಂದು ಸೇರುವುದನ್ನೂ ಒಂದು ಸಾಲಿನಲ್ಲಿ ಹೇಳಿ. ‘ಜೀವನಚಕ್ರ’ ಅಂತ ಅವರು ಕೇಳಿದ್ದು ಯಾಕೆ ಅಂತ ಆಗ ನಿಮಗೂ ಸ್ಪಷ್ಟವಾಗುತ್ತದೆ. ಕುಟುಂಬ ಒಡೆದು ಅಲ್ಲಿಗೇ ಮುಗಿಯುವುದಿಲ್ಲ, ಬೇರೆ ಅಗತ್ಯಕ್ಕೆ ಮತ್ತೆ ಕೂಡುತ್ತದೆ.

ಒಂದು ಎಚ್ಚರಿಕೆ. ನಿಮ್ಮ ಉತ್ತರವನ್ನು ಓದುವವರು ತಂಬಿಲವನ್ನಾಗಲೀ ಅಳಿಯಸಂತಾನವನ್ನಾಗಲೀ ಕೇಳಿರದೆ ಇರಬಹುದು. ಕನ್ನಡ ಬಲ್ಲವರೇ ಆದರೂ ಕಲಬುರಗಿಯವರೋ ತುಮಕೂರಿನವರೋ ಇರಬಹುದು. ಆದ್ದರಿಂದ ಊರಿನ ಪದ ಬಂದಲ್ಲೆಲ್ಲ ನಾಲ್ಕು ಪದದ ವಿವರಣೆ ಕೊಡಿ: ‘ತಾಯಿಯ ಕಡೆಯಿಂದ ಆಸ್ತಿ ಹೋಗುವ ಅಳಿಯಸಂತಾನ’ ಅಂತ. ಒಂದು ಉತ್ತರಕ್ಕೆ ಒಂದೇ ಊರಿನ ಉದಾಹರಣೆ. ಪತ್ರಿಕೆ ಪೂರ್ತಿ ತುಳುನಾಡೇ ತುಂಬಿದರೆ ನಿಮಗೆ ಬೇರೆ ಭಾರತ ಗೊತ್ತಿಲ್ಲ ಅನ್ನಿಸುತ್ತದೆ. ನಾಗಾಲ್ಯಾಂಡ್, ಪಂಜಾಬ್, ಬಿಹಾರ, ತಮಿಳುನಾಡು, ಒಂದೊಂದು ಕಡೆಯಿಂದ ಒಂದೆರಡು ಗಟ್ಟಿ ಉದಾಹರಣೆ ಸಂಗ್ರಹಿಸಿ. ಮಾತೃಮೂಲದ ಬಗ್ಗೆ ಬರೆಯುವಾಗ ಮೇಘಾಲಯದ ಖಾಸಿಗಳ ಜೊತೆ ನಮ್ಮದನ್ನು ಹೋಲಿಸಿದರೆ ಎರಡಕ್ಕೂ ತೂಕ ಬರುತ್ತದೆ.

ಕೆಲವು ಪ್ರಶ್ನೆಗಳಿಗಂತೂ ನಮ್ಮ ಊರೇ ಮೊದಲ ಉದಾಹರಣೆ. 2017ರಲ್ಲಿ, ಸಾಂಸ್ಕೃತಿಕ ಘಟಕ ಆಗುವುದು ರಾಜ್ಯಗಳಿಗಿಂತ ಪ್ರದೇಶಗಳೇ ಎನ್ನಬಹುದೇ ಅಂತ ಕೇಳಿದ್ದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ಉಳಿದ ಜಿಲ್ಲೆ ಆಗಿನ ಮೈಸೂರು ರಾಜ್ಯಕ್ಕೆ. ಭೂತಕೋಲ, ಯಕ್ಷಗಾನ, ತುಳು ಮಾತು ಗಡಿಯ ಎರಡೂ ಕಡೆ ಉಳಿಯಿತು. 2011ರ ಜನಗಣತಿಯಲ್ಲಿ ತುಳು ಮಾತೃಭಾಷೆಯವರು 18 ಲಕ್ಷಕ್ಕೂ ಜಾಸ್ತಿ, ಆದರೂ ಅದು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳ ಪಟ್ಟಿಯಲ್ಲಿಲ್ಲ. ಇದು ಪ್ರದೇಶದ ಪರ ವಾದ. ಅಲ್ಲಿಗೆ ನಿಲ್ಲಿಸಬೇಡಿ. ಕಾಸರಗೋಡಿನ ಮಕ್ಕಳು ಶಾಲೆಯಲ್ಲಿ, ಸರ್ಕಾರಿ ಕೆಲಸದ ಪರೀಕ್ಷೆಯಲ್ಲಿ ಮಲಯಾಳಂ ಜೊತೆ ಬೆಳೆಯುತ್ತಾರೆ. ರಾಜ್ಯವೂ ನಿಧಾನಕ್ಕೆ ಒಂದು ಸಂಸ್ಕೃತಿಯನ್ನು ಕಟ್ಟುತ್ತದೆ. ಇನ್ನು ತುಳುನಾಡು ಅನ್ನುವುದರೊಳಗೂ ಕೊಂಕಣಿ, ಬ್ಯಾರಿ, ಕುಂದಾಪುರ ಕನ್ನಡ, ಹವ್ಯಕ ಕನ್ನಡ ಇವೆ. ಪ್ರದೇಶವೂ ಒಂದೇ ಬಣ್ಣದ್ದಲ್ಲ.

ಮಹಿಳಾ ಸಂಘಟನೆಗಳು ಪಠ್ಯಕ್ರಮದಲ್ಲೇ ಇರುವ ವಿಷಯ. ಅಲ್ಲಿ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರು ಬರದಿದ್ದರೆ ನನಗೆ ಬೇಸರವಾಗುತ್ತದೆ. 1926ರಲ್ಲಿ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತರು. 1927ರಲ್ಲಿ ಶುರುವಾದ ಅಖಿಲ ಭಾರತ ಮಹಿಳಾ ಸಮ್ಮೇಳನವನ್ನು ಕಟ್ಟಿದವರಲ್ಲಿ ಒಬ್ಬರು. ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಜಾಗ ಬೇಕೆಂದು ಗಾಂಧೀಜಿಯವರನ್ನು ಒಪ್ಪಿಸಿದರು. ಆಮೇಲೆ ಕರಕುಶಲ ಕೆಲಸಗಾರರ ಬದುಕಿಗಾಗಿ ದುಡಿದರು. ಮತದಿಂದ ಆದಾಯದವರೆಗೆ ಮಹಿಳಾ ಚಳವಳಿಯ ಕಾಳಜಿ ಹೇಗೆ ಅಗಲವಾಯಿತು ಎಂಬುದನ್ನು ಅವರೊಬ್ಬರ ಬದುಕಿನಿಂದಲೇ ತೋರಿಸಬಹುದು.

ಮೀಸಲಾತಿ, ಸಾಮಾಜಿಕ ನ್ಯಾಯದ ಪ್ರಶ್ನೆಗೆ ಕೊರಗ ಸಮುದಾಯದ ಬಗ್ಗೆ ಸರಿಯಾಗಿ ತಿಳಿದುಕೊಳ್ಳಿ. ಸಂವಿಧಾನ ಕೊಟ್ಟ ವಿಶೇಷ ಅವಕಾಶಗಳ ಪೂರ್ತಿ ಲಾಭ ಹಿಂದುಳಿದವರಿಗೆ ಇನ್ನೂ ಯಾಕೆ ಸಿಗುತ್ತಿಲ್ಲ ಅಂತ 2024ರಲ್ಲಿ ಕೇಳಿದ್ದರು. ಕೊರಗರು ಮತ್ತು ಜೇನುಕುರುಬರು ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲವೆಂದು ಗುರುತಿಸಲಾದ ಬುಡಕಟ್ಟುಗಳು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವಂಥ, ಕೊರಗರನ್ನು ಅವಮಾನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ಅಸ್ಪೃಶ್ಯತೆಯನ್ನು ಸಂವಿಧಾನ 1950ರಲ್ಲೇ ತೆಗೆದುಹಾಕಿತ್ತು ಅಂತ ನೆನಪಿಡಿ. ಸಾಕ್ಷರತೆಯಲ್ಲಿ ರಾಜ್ಯಕ್ಕೇ ಮುಂದಿರುವ ಜಿಲ್ಲೆಯಲ್ಲಿ ಹೀಗಿತ್ತು. ಒಟ್ಟು ಸರಾಸರಿ ಎಷ್ಟೇ ಚೆನ್ನಾಗಿದ್ದರೂ ಅದರೊಳಗೆ ಒಂದು ಸಣ್ಣ ಸಮುದಾಯ ಕಾಣದೆ ಹೋಗಬಹುದು, ಮೀಸಲಾತಿಯ ಬಾಗಿಲವರೆಗೆ ಬರಲು ಬೇಕಾದ ಶಾಲೆ, ಆರೋಗ್ಯ, ಆತ್ಮವಿಶ್ವಾಸವೇ ಸಿಗದೆ ಇರಬಹುದು. ಈ ವಿಷಯ ಬರೆಯುವಾಗ ಕನಿಕರದ ಧಾಟಿ ಬೇಡ. ಅವರೂ ಓದುತ್ತಾರೆ, ಸಂಘಟನೆ ಮಾಡಿದ್ದಾರೆ, ಹೋರಾಡಿದ್ದಾರೆ. ಅದನ್ನೂ ಬರೆಯಿರಿ.

ಕೋಮುವಾದದ ಪ್ರಶ್ನೆ ಬಂದಾಗ ಇಲ್ಲಿ ಬೆಳೆದವರ ಕೈ ಸ್ವಲ್ಪ ನಡುಗುತ್ತದೆ. ಮನಸ್ಸಿಗೆ ಹತ್ತಿರದ ವಿಷಯ, ಎಲ್ಲರಿಗೂ ಒಂದು ಕಡೆಯ ಅಭಿಪ್ರಾಯ ಇರುತ್ತದೆ. ಪಕ್ಷದ ಹೆಸರು, ಸಂಘಟನೆಯ ಹೆಸರು, ಇತ್ತೀಚಿನ ಘಟನೆ ಯಾವುದೂ ಬೇಡ. ಸುಮ್ನೆ ‘ನಮ್ಮಲ್ಲಿ ಸಾಮರಸ್ಯ ಇದೆ’ ಅಂತ ಬರೆಯುವುದೂ ಬೇಡ. ಮೂಲ್ಕಿಯ ಬಪ್ಪನಾಡು ದೇವಸ್ಥಾನವನ್ನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಕಟ್ಟಿಸಿದ ಎಂಬ ಐತಿಹ್ಯವನ್ನು ಎಲ್ಲರೂ ಬರೆಯುತ್ತಾರೆ. ಬರೆಯಿರಿ, ಆದರೆ ಅದರಿಂದ ಏನು ಗೊತ್ತಾಗುತ್ತದೆ ಅಂತ ಒಂದು ಹೆಜ್ಜೆ ಮುಂದೆ ಹೋಗಿ. ಕರಾವಳಿಯ ವ್ಯಾಪಾರ ಒಬ್ಬರನ್ನೊಬ್ಬರು ಬಿಟ್ಟು ನಡೆಯುತ್ತಿರಲಿಲ್ಲ. ಬೆಳೆಯುವವರು ಒಬ್ಬರು, ಸಾಗಿಸುವವರು ಒಬ್ಬರು, ಸಾಲ ಕೊಡುವವರು ಇನ್ನೊಬ್ಬರು. ಹೊಸ ಆರ್ಥಿಕತೆಯಲ್ಲಿ ಅದೇ ಜನ ಒಂದೇ ವ್ಯಾಪಾರದಲ್ಲಿ ಪೈಪೋಟಿಗೆ ಇಳಿದಾಗ, ಶಾಲೆ ಮತ್ತು ವಸತಿ ಬೇರೆ ಬೇರೆಯಾದಾಗ, ಪರಸ್ಪರ ಅವಲಂಬನೆ ಸಡಿಲವಾಗುತ್ತದೆ. ಆ ಜಾಗದಲ್ಲಿ ಗುರುತಿನ ರಾಜಕೀಯ ಬೇರು ಬಿಡುವುದು ಸುಲಭ. ಉದಾರೀಕರಣದ ನಂತರದ ಆರ್ಥಿಕತೆ ಮತ್ತು ಕೋಮುವಾದದ ಬಗ್ಗೆ 2023ರಲ್ಲಿ ಕೇಳಿದ ಪ್ರಶ್ನೆಗೆ ಈ ತರ್ಕ ಸಾಕಷ್ಟು ದೂರ ಕರೆದುಕೊಂಡು ಹೋಗುತ್ತದೆ.

ಓದುವ ಪುಸ್ತಕದ ವಿಷಯ ಬೇಗ ಮುಗಿಸುತ್ತೇನೆ. ಎನ್‌ಸಿಇಆರ್‌ಟಿಯ 12ನೇ ತರಗತಿಯ ಎರಡು ಸಮಾಜಶಾಸ್ತ್ರ ಪಠ್ಯಗಳು, ಒಂದು ದಿನಪತ್ರಿಕೆ, ಹಿಂದಿನ ಹತ್ತು ವರ್ಷದ ಪ್ರಶ್ನೆಗಳು. ಪರಿಕಲ್ಪನೆಗಳಲ್ಲಿ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರ ಸಂಸ್ಕೃತೀಕರಣ (ಮೇಲ್ಜಾತಿಯ ಆಚಾರ ಅನುಸರಿಸಿ ಮೇಲೇರಲು ನೋಡುವುದು) ಮತ್ತು ಪ್ರಬಲ ಜಾತಿ (ಊರಿನಲ್ಲಿ ಸಂಖ್ಯೆ, ಭೂಮಿ, ಅಧಿಕಾರ ಇರುವ ಜಾತಿ), ಎರಡನ್ನೂ ಸ್ವಂತ ಮಾತಿನಲ್ಲಿ ವಿವರಿಸಲು ಬರಬೇಕು. ಇನ್ನೂ ಹತ್ತು ಪುಸ್ತಕ ತಂದಿಟ್ಟುಕೊಂಡರೆ ಬರೆಯುವುದಕ್ಕೆ ಸಮಯ ಉಳಿಯುವುದಿಲ್ಲ.

ಕನ್ನಡದಲ್ಲಿ ಬರೆಯುವ ನಿಮಗೆ ಒಂದು ಪ್ರಾಯೋಗಿಕ ತೊಡಕು ಇದೆ. ಯುಪಿಎಸ್‌ಸಿಯ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಹಳೆಯ ಪ್ರಶ್ನೆಗಳನ್ನು ಅದೇ ರೂಪದಲ್ಲಿ ಓದಿಯೇ ಅಭ್ಯಾಸ ಮಾಡಿ, ಅನುವಾದಿಸಿದ ಪಟ್ಟಿಯಿಂದ ಬೇಡ. ಪಾರಿಭಾಷಿಕ ಪದ ಬಂದಾಗ ಅದರ ಇಂಗ್ಲಿಷ್ ರೂಪವನ್ನೂ ಜೊತೆಗೆ ಬರೆಯಲು ನಿಯಮದಲ್ಲೇ ಅವಕಾಶ ಇದೆ. ಅಗತ್ಯ ಇದ್ದಲ್ಲಿ ಮಾತ್ರ ಬಳಸಿ, ಅತಿಯಾದರೆ ಅಂಕ ಕಳೆಯುತ್ತಾರೆ. ಜೊತೆಗೆ ಕೆಎಎಸ್ ಪರೀಕ್ಷೆಯನ್ನೂ ಬರೆಯುವ ಯೋಚನೆ ಇದ್ದರೆ ಈ ತಯಾರಿ ಅಲ್ಲಿಗೂ ಬರುತ್ತದೆ.

ಇನ್ನು ದೆಹಲಿ. ಈ ಭಾಗಕ್ಕಾಗಿ ಕೆಲಸ ಬಿಟ್ಟು ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ನಿಮಗೆ ಬೇಕಾದದ್ದು ಬರೆದದ್ದನ್ನು ಓದಿ ‘ಯಾಕೆ?’ ಅಂತ ಕೇಳುವ ಒಬ್ಬರು. ಜೊತೆಗೆ ಓದುವ ಗೆಳತಿ ಆಗಬಹುದು, ಹಳೆಯ ಮೇಷ್ಟ್ರು ಆಗಬಹುದು. ಆ ದುಡ್ಡು, ಆ ಸಮಯ ಉಳಿಸಿ ಒಂದು ದಿನ ಬೆಳಿಗ್ಗೆ ಬೇಗ ಎದ್ದು ಮಲ್ಪೆ ಬಂದರಿಗೋ ಮಂಗಳೂರಿನ ದಕ್ಕೆಗೋ ಹೋಗಿ. ಮೀನು ಇಳಿಯುವಾಗ ಸುಮ್ನೆ ಒಂದು ಕಡೆ ನಿಂತು ನೋಡಿ. ಬೋಟು ಯಾರದ್ದು, ಬಲೆ ಎಳೆದು ಬಂದವರು ಯಾವ ರಾಜ್ಯದವರು, ಏಲಂ ಕೂಗುವವರು ಯಾರು, ಬುಟ್ಟಿ ಹೊತ್ತು ಮಾರುಕಟ್ಟೆಗೆ ಹೋಗುವವರು ಯಾರು, ದೊಡ್ಡ ಲಾರಿ ಎಲ್ಲಿಗೆ ಹೋಗುತ್ತದೆ. ಹಿಂದೆ ಊರಿನವರೆಲ್ಲ ಸೇರಿ ದಡದಿಂದ ರಂಪಣಿ ಬಲೆ ಎಳೆದು ಮೀನು ಹಂಚಿಕೊಳ್ಳುತ್ತಿದ್ದರು. 1970ರ ದಶಕದಲ್ಲಿ, ದೊಡ್ಡ ಬಲೆಯಿಂದ ಮೀನಿನ ಹಿಂಡನ್ನೇ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ಆ ಪದ್ಧತಿ ಹಿಂದೆ ಸರಿಯಿತು. ಅಲ್ಲಿರುವ ವಯಸ್ಸಾದ ಮೀನುಗಾರ ಮಹಿಳೆಯೊಬ್ಬರ ಹತ್ತಿರ ಮಾತಾಡಿ, ಮೊದಲು ಹೇಗಿತ್ತು, ಈಗ ಹೇಗಿದೆ ಅಂತ ಕೇಳಿ. ಅಭಿವೃದ್ಧಿಯಿಂದ ಯಾರಿಗೆ ಎಷ್ಟು ಸಿಕ್ಕಿತು, ಯಾರ ಕೈಯಿಂದ ಏನು ಹೋಯಿತು ಎಂಬ ಪ್ರಶ್ನೆಗೆ ಆ ಒಂದು ಬೆಳಿಗ್ಗೆಯ ನೋಟದಿಂದ ನಿಮ್ಮದೇ ಆದ ಉತ್ತರ ಬರುತ್ತದೆ. ಮನೆಗೆ ಬಂದು ಅದನ್ನು ಒಂದು ಪುಟದಲ್ಲಿ ಬರೆದಿಡಿ.

ವಾರಕ್ಕೆ ಮೂರು ಉತ್ತರ ಸಾಕು, ಗಡಿಯಾರ ಇಟ್ಟುಕೊಂಡು. ಬರೆದ ಮಾರನೇ ದಿನ ಓದಿ, ಕಾರಣ ಇಲ್ಲದ ವಾಕ್ಯಗಳ ಕೆಳಗೆ ಗೆರೆ ಹಾಕಿ, ಅವನ್ನು ಮಾತ್ರ ತಿದ್ದಿ ಬರೆಯಿರಿ. ಈ ವಾರಕ್ಕೆ 2023ರ ಪ್ರಶ್ನೆ ತೆಗೆದುಕೊಳ್ಳಿ: ಭಾರತದಲ್ಲಿ ಜಾತಿಯ ಗುರುತು ಚಲನಶೀಲವೂ ಸ್ಥಿರವೂ ಆಗಿರುವುದು ಯಾಕೆ? ಸಾಮಗ್ರಿಗೆ ನಾಲ್ಕು ಸುಳಿವು ಕೊಡುತ್ತೇನೆ. ಬಿಲ್ಲವರಿಗೆ ದೇವಸ್ಥಾನಗಳಿಗೆ ಪ್ರವೇಶ ಇಲ್ಲದಿದ್ದ ಕಾಲದಲ್ಲಿ ನಾರಾಯಣ ಗುರುಗಳು 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ್ದು. 1897ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತರ ಶಿಕ್ಷಣಕ್ಕಾಗಿ ಸಂಸ್ಥೆ ಕಟ್ಟಿದ್ದು. ಮುಂಬೈಯಲ್ಲಿ ನಮ್ಮವರ ಜಾತಿ ಸಂಘಗಳು ವಿದ್ಯಾರ್ಥಿವೇತನ, ಹಾಸ್ಟೆಲ್, ಮದುವೆ ಸಂಬಂಧ ಎಲ್ಲವನ್ನೂ ನೋಡಿಕೊಳ್ಳುವುದು. ಕೊನೆಗೆ ಪತ್ರಿಕೆಯ ವಧೂವರರ ಅಂಕಣ. ಕಸುಬು, ಊಟ, ಶಿಕ್ಷಣ, ಮತದಾನ, ಮದುವೆ, ಇವುಗಳಲ್ಲಿ ಯಾವುದು ಸಡಿಲವಾಗಿದೆ, ಯಾವುದು ಬಿಗಿಯಾಗಿದೆ ಅಂತ ಮೊದಲು ಕಾಗದದ ಮೇಲೆ ಹಾಕಿಕೊಳ್ಳಿ. ಬಿಗಿಯಾಗಿ ಉಳಿದಿರುವುದಕ್ಕೆ ಕಾರಣ ಏನು ಎಂಬುದಕ್ಕೆ ಅರ್ಧ ಉತ್ತರ ಮೀಸಲಿಡಿ. ಹದಿನೈದು ಅಂಕದ ಪ್ರಶ್ನೆ, 250 ಪದ ದಾಟಬಾರದು. ಬರೆದ ಮೇಲೆ ಕಳಿಸಿ, ಓದಿ ಗುರುತು ಹಾಕಿ ಕೊಡುತ್ತೇನೆ.